ಕಂಠೀರವ ಓಟಗಾರರಿಗಿರಲಿ, ನಮಗೆ ಅಶೋಕನಗರ ಸಾಕು

2016ರ ಅಕ್ಟೋಬರ್ 19ರ ರಾತ್ರಿ ನಾನು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿದ್ದೆ. ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಟೂರ್ನಿ, ನಮ್ಮ ಬೆಂಗಳೂರು ಎಫ್‌ಸಿಯ ಸೆಮಿಫೈನಲ್, ಎರಡು ಪಂದ್ಯಗಳಲ್ಲಿ ಎರಡನೆಯದು. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ. ಮೊದಲ ಗೋಲು ಅವರದೇ. ಆಮೇಲೆ ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು. 3-1! ಭಾರತದ ಕ್ಲಬ್ಬೊಂದು ಮೊದಲ ಸಲ ಆ ಟೂರ್ನಿಯ ಫೈನಲ್ ಮುಟ್ಟಿತು. ಪಕ್ಕದಲ್ಲಿದ್ದವರು ಯಾರೋ ಏನೋ, ತಬ್ಬಿಕೊಂಡು ನನ್ನನ್ನು ಎತ್ತಿಬಿಟ್ಟಿದ್ದರು. ಮಾರನೇ ದಿನ ಪೂರ್ತಿ ಗಂಟಲಿಂದ ದನಿಯೇ ಹೊರಡಲಿಲ್ಲ.

ಅಂಥ ರಾತ್ರಿ ಕೊಟ್ಟ ಜಾಗದ ಬಗ್ಗೆ ಹೀಗೆ ಬರೆಯಲು ಮನಸ್ಸು ಬರುವುದಿಲ್ಲ. ಆದರೂ ಹೇಳಲೇಬೇಕು: ಕಂಠೀರವ ಫುಟ್‌ಬಾಲಿನ ಮನೆಯಲ್ಲ.

1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಅಥ್ಲೆಟಿಕ್ಸ್ ಅಂಗಳ ಅದು. ಅದಕ್ಕೂ ಮುಂಚೆ ಅಲ್ಲಿದ್ದದ್ದು ಸಂಪಂಗಿ ಕೆರೆ. ಇವತ್ತಿಗೂ ಕರಗದ ಪೂಜೆಗೆಂದು ಆ ಕೆರೆಯ ಒಂದು ಚೂರು ಅಲ್ಲೇ ಉಳಿದುಕೊಂಡಿದೆ. ಮೈದಾನದ ಸುತ್ತ ಓಟದ ಟ್ರ್ಯಾಕ್, ಅದರಾಚೆ ನಾವು. ಗೋಲ್‌ಪೋಸ್ಟ್ ಹಿಂದೆ ಕೂತು ನೋಡಿದವರಿಗೆ ಈ ಕಷ್ಟ ಗೊತ್ತು. ಟ್ರ್ಯಾಕಿನ ತಿರುವು ಬೇರೆ ಇರುವುದರಿಂದ ಅಲ್ಲಿ ದೂರ ಇನ್ನೂ ಹೆಚ್ಚು. ಆ ತುದಿಯ ಗೋಲು ನಮಗೆ ಗೊತ್ತಾಗುವುದು ಬಲೆ ಅಲುಗಿದ್ದರಿಂದಲ್ಲ, ಆ ಕಡೆಯ ಜನ ಎದ್ದು ನಿಂತದ್ದರಿಂದ. ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗರು ತೊಂಬತ್ತು ನಿಮಿಷ ಡ್ರಮ್ ಬಡಿದು ಹಾಡುತ್ತಾರಲ್ಲ, ಆ ಸದ್ದಿನ ಅರ್ಧ ಟ್ರ್ಯಾಕ್ ದಾಟುವಷ್ಟರಲ್ಲಿ ಬಯಲಿನ ಪಾಲಾಗುತ್ತದೆ.

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಹಾಗಿರಲಿಲ್ಲ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಮೊದಲ ಸೀಸನ್ ಆಡಿದ್ದು ಅಲ್ಲೇ. ಮೊದಲ ಪಂದ್ಯ ಮೋಹನ್ ಬಾಗಾನ್ ಮೇಲೆ, 1-1. ಮೊದಲ ಪ್ರಯತ್ನದಲ್ಲೇ ದೇಶದ ಅಂದಿನ ಅಗ್ರ ಲೀಗ್ ಐ-ಲೀಗ್ ಗೆದ್ದುಬಿಟ್ಟರು. ಮುಂದಿನ ಸಾಲಲ್ಲಿ ಕೂತರೆ ಡಿಫೆಂಡರ್ ಬೂಟು ಚೆಂಡಿಗೆ ತಾಗುವ ಸದ್ದು ಕಿವಿಗೆ ಬೀಳುತ್ತಿತ್ತು. ಥ್ರೋ ಎಸೆಯಲು ಬಂದ ಆಟಗಾರ ಅಂಗಿಯ ಅಂಚಿನಿಂದ ಚೆಂಡು ಒರೆಸಿಕೊಳ್ಳುತ್ತಿದ್ದರೆ ಅವನ ಏದುಸಿರೂ ಕೇಳುತ್ತಿತ್ತು. ನಮ್ಮ ಬೈಗುಳ, ನಮ್ಮ ಹುರುಪು ಎರಡೂ ಅವನಿಗೆ ಮುಟ್ಟುತ್ತಿತ್ತು. 2014ರಲ್ಲಿ ಕ್ಲಬ್ ಕಂಠೀರವಕ್ಕೆ ಹೋಯಿತು. ಸೀಟು ಹೆಚ್ಚಾದವು, ಆಟ ದೂರವಾಯಿತು.

ಅತ್ತ ಓಟಗಾರರ ಕಡೆಯಿಂದಲೂ ಯೋಚಿಸಿ. ರಾಜಧಾನಿಯ ನಟ್ಟನಡುವೆ ಇರುವ ಟ್ರ್ಯಾಕ್ ಅದು. ಮ್ಯಾಚ್ ಇದ್ದ ದಿನ ಅವರ ಅಭ್ಯಾಸಕ್ಕೆ ಕಲ್ಲು. ಈ ಜಗಳ ಹೈಕೋರ್ಟ್‌ವರೆಗೂ ಹೋಯಿತು. ಆಗ ನಮ್ಮ ಕಡೆಯ ಕೆಲವರು ಅಥ್ಲೀಟ್‌ಗಳ ಮೇಲೆ ಹರಿಹಾಯ್ದದ್ದು ನನಗೆ ಇವತ್ತಿಗೂ ಬೇಸರ. ಅವರು ಕೇಳಿದ್ದು ಅವರ ಮನೆಯನ್ನೇ ಅಲ್ಲವೇ?

ಇಟಲಿಯ ಯುವೆಂಟಸ್ ನೋಡಿ. ಟ್ಯೂರಿನ್ ನಗರದ ಡೆಲ್ಲೆ ಆಲ್ಪಿ ಸ್ಟೇಡಿಯಂನಲ್ಲಿ ಸುಮಾರು 69,000 ಜನ ಕೂರಬಹುದಿತ್ತು, ಆದರೆ ಸುತ್ತ ಓಟದ ಟ್ರ್ಯಾಕ್. ಅಭಿಮಾನಿಗಳಿಗೆ ಅದು ಕೊನೆವರೆಗೂ ಒಗ್ಗಲೇ ಇಲ್ಲ. ಕಡೆಗೆ ಅದನ್ನು ಕೆಡವಿ, ಅದೇ ಜಾಗದಲ್ಲಿ 2011ರಲ್ಲಿ ಸ್ವಂತ ಸ್ಟೇಡಿಯಂ ಕಟ್ಟಿದರು. ಸೀಟು ಸುಮಾರು 41,000. ಅಷ್ಟು ದೊಡ್ಡ ಕ್ಲಬ್ಬು ಬೇಕೆಂದೇ ಸಣ್ಣದು ಕಟ್ಟಿತು, ಜನರನ್ನು ಮೈದಾನದ ಅಂಚಿಗೇ ತಂದು ಕೂರಿಸಿತು. ಬಯರ್ನ್ ಮ್ಯೂನಿಕ್ ಕೂಡ 2005ರಲ್ಲಿ ಟ್ರ್ಯಾಕ್ ಇದ್ದ ಒಲಿಂಪಿಕ್ ಸ್ಟೇಡಿಯಂ ಬಿಟ್ಟು ಫುಟ್‌ಬಾಲಿಗೆಂದೇ ಕಟ್ಟಿದ ಅಂಗಳಕ್ಕೆ ಬಂತು.

ನಮಗೆ ಅಷ್ಟೆಲ್ಲ ಬೇಡ. ಅಶೋಕನಗರ ಇದ್ದೇ ಇದೆ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಂಗಳ, ಊರಿನ ಹೃದಯಭಾಗ, ಎಂ.ಜಿ. ರೋಡ್ ಮೆಟ್ರೊ ಇಳಿದು ನಡೆದೇ ಹೋಗಬಹುದು. ಗ್ಯಾಲರಿಗಳನ್ನು ಹೊಸದಾಗಿ ಕಟ್ಟಿ, ನಾಲ್ಕೂ ಕಡೆ ಮಾಡು ಹಾಕಿ, ಹದಿನೈದು ಸಾವಿರ ಸೀಟು ಕೊಟ್ಟರೂ ಸಾಕು. ಸರ್ಕಾರ, ಸಂಸ್ಥೆ, ಕ್ಲಬ್ಬುಗಳು ಮೂವರೂ ಒಟ್ಟಿಗೆ ಕೂತು ದೀರ್ಘಾವಧಿಯ ಒಪ್ಪಂದ ಮಾಡಿಕೊಳ್ಳಲಿ. ಸ್ಥಳೀಯ ಲೀಗ್ ಸೂಪರ್ ಡಿವಿಷನ್ ಆಡುವ ಸಣ್ಣ ತಂಡಗಳಿಗೂ ಅಲ್ಲೇ ದಿನ ಗೊತ್ತು ಮಾಡಲಿ. ಅವರನ್ನು ಹೊರಗಿಟ್ಟು ಒಂದೇ ಕ್ಲಬ್ಬಿಗೆ ಬರೆದುಕೊಡುವುದಾದರೆ ಮೊದಲು ವಿರೋಧಿಸುವವನು ನಾನೇ.

ಇದು ಫುಟ್‌ಬಾಲ್ ಗೊತ್ತಿಲ್ಲದ ಊರಲ್ಲ. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆ ಪೆಲೆಯ ಪ್ರತಿಮೆ ನಿಲ್ಲಿಸಿದ ಜನ ನಾವು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ಹೆಸರಲ್ಲಿ ನಾಲ್ಕು ಸಲ ಗೆದ್ದವರು. ಕೊನೆಯದು 1968-69ರಲ್ಲಿ. ಮುಂದಿನದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಎದುರಾಳಿ ಸಜ್ಜಾಗುವ ಮುಂಚೆಯೇ ಛೆಟ್ರಿ ಆ ಫ್ರೀ ಕಿಕ್ ಹೊಡೆದು, ಗೋಲು ಒಪ್ಪದ ಕೇರಳ ಬ್ಲಾಸ್ಟರ್ಸ್ ಆಟ ಬಿಟ್ಟು ಹೊರನಡೆದು, ಊರಿಗೆ ಊರೇ ಅದನ್ನೇ ಮಾತಾಡುತ್ತಿತ್ತು. ಮಾರನೇ ದಿನವೇ ನಮ್ಮ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿದರು. ಎಲ್ಲಿ? ಸೌದಿಯ ರಿಯಾದ್‌ನಲ್ಲಿ. ನಾನು ಅದನ್ನು ಫೋನಿನ ಪುಟ್ಟ ಪರದೆಯಲ್ಲಿ ನೋಡಿದೆ. ಕೊನೆಯ ಸೀಟಿ ಊದಿದಾಗ ಎದ್ದು ನಿಂತು ಕೂಗಿದೆ, ಕೋಣೆಯಲ್ಲಿ ಒಬ್ಬನೇ. ಆ ಹುಡುಗರಿಗೆ ಅವತ್ತು ಆ ಕೂಗು ಅಶೋಕನಗರದ ಗ್ಯಾಲರಿಯಿಂದ ಕೇಳಿಸಬೇಕಿತ್ತು.