ಮೂರು ಕಡೆ ಕರ್ಚೀಫು

ಎರಡು ರಾತ್ರಿಯ ಪ್ರವಾಸ. ಹೋಗುವವರು ಇಬ್ಬರು. ಬುಕ್ ಮಾಡಿದ್ದು ಮೂರು ಹೋಟೆಲು. ಒಂದು ಸಮುದ್ರದ ಪಕ್ಕ, ಒಂದು ಬೆಟ್ಟದ ಮೇಲೆ. ಮೂರನೆಯದು ಯಾಕೆ ಅಂತ ಈಗ ನೆನಪಿಲ್ಲ. ಫೋಟೋದಲ್ಲಿ ಕಿಟಕಿ ಚೆನ್ನಾಗಿ ಕಂಡಿರಬೇಕು. ಕ್ಯಾನ್ಸಲ್ ಮಾಡಿದರೆ ದುಡ್ಡು ಕಟ್ಟಬೇಕಿಲ್ಲ ಅಂತ ಮೂರಕ್ಕೂ ಬರೆದಿತ್ತು. ಬಿಟ್ಟಿ ಅಂದಮೇಲೆ ಒಂದೇ ಕಡೆ ಯಾಕೆ ಕರ್ಚೀಫು ಹಾಕಬೇಕು, ಅಲ್ವಾ?

ಅಲ್ಲಿಂದ ಶುರುವಾಯಿತು ನೋಡಿ ಕಷ್ಟ. ಹೊರಡುವ ದಿನಕ್ಕಿಂತ ಕ್ಯಾನ್ಸಲ್ ಮಾಡುವ ಕೊನೆಯ ದಿನವೇ ದೊಡ್ಡದಾಯಿತು. ದಿನವೂ ರಾತ್ರಿ ಮೂರನ್ನೂ ತೆರೆದು ನೋಡುವುದು, ಮಳೆ ಬರುತ್ತದಾ ಅಂತ ಹುಡುಕುವುದು, ಯಾವುದನ್ನೂ ಬಿಡದೆ ಮಲಗುವುದು. ಕೊನೆಗೆ ಎರಡನ್ನು ಬಿಟ್ಟೆ. ಅದರಲ್ಲಿ ಒಂದನ್ನು ಕೆಲವು ಗಂಟೆ ತಡವಾಗಿ. ಗಡುವು ಹೋಟೆಲಿರುವ ಊರಿನ ಗಡಿಯಾರದ್ದಂತೆ, ನನ್ನ ಗೋಡೆಯದ್ದಲ್ಲ. ಮಲಗದ ಮಂಚಕ್ಕೆ ಒಂದು ರಾತ್ರಿಯ ಬಾಡಿಗೆ ಕೊಟ್ಟೆ.

ಹೋಟೆಲಿನವರೇನೂ ಪಾಪದವರಲ್ಲ. ನನ್ನಂಥವರು ಎಷ್ಟು ಜನ ಕೈಕೊಡುತ್ತಾರೆ ಅನ್ನುವ ಲೆಕ್ಕ ಅವರ ಹತ್ತಿರ ಇರುತ್ತದೆ. ಅದನ್ನು ನೋಡಿಕೊಂಡು, ಇರುವುದಕ್ಕಿಂತ ಒಂದೆರಡು ರೂಮು ಜಾಸ್ತಿಯೇ ಮಾರುವುದುಂಟು. ಎಲ್ಲರೂ ಬಂದೇಬಿಟ್ಟರೆ? ತಡವಾಗಿ ಬಂದವರನ್ನು ಬೇರೆ ಹೋಟೆಲಿಗೆ ಕಳಿಸುತ್ತಾರೆ. ಅವರ ಭಾಷೆಯಲ್ಲಿ ಇದಕ್ಕೆ 'ವಾಕ್' ಅಂತ ಹೆಸರು. ಕಳಿಸುವುದು ಸಾಮಾನ್ಯವಾಗಿ ಕಾರಿನಲ್ಲೇ, ಹೆಸರು ಮಾತ್ರ ನಡಿಗೆಯದು.

ರೀಫಂಡ್ ಇಲ್ಲದ ರೂಮಿನ ಕಥೆಯೇ ಬೇರೆ. ಬಾಡಿಗೆ ಸ್ವಲ್ಪ ಕಡಿಮೆ, ಆದರೆ ಜ್ವರ ಬಂದರೂ ಎದ್ದು ಹೊರಡಬೇಕು. ಹೋಗಿ ಖುಷಿಪಡುವುದಕ್ಕಲ್ಲ, ಕೊಟ್ಟ ದುಡ್ಡು ಹಾಳಾಗಬಾರದು ಅಂತ. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು ಜನರಿಗೆ ಒಂದು ಪ್ರಶ್ನೆ ಕೊಟ್ಟರು. ಮಿಶಿಗನ್‌ನ ಸ್ಕೀಯಿಂಗ್ ಪ್ರವಾಸಕ್ಕೆ 100 ಡಾಲರ್ ಕಟ್ಟಿದ್ದೀರಿ, ವಿಸ್ಕಾನ್ಸಿನ್‌ನದಕ್ಕೆ 50. ವಿಸ್ಕಾನ್ಸಿನ್‌ನಲ್ಲೇ ಜಾಸ್ತಿ ಮಜಾ ಬರುತ್ತದೆ ಅಂತ ನಿಮಗೆ ಗೊತ್ತು. ಆಮೇಲೆ ನೋಡಿದರೆ ಎರಡೂ ಒಂದೇ ವಾರಾಂತ್ಯಕ್ಕೆ, ಯಾವುದಕ್ಕೂ ದುಡ್ಡು ವಾಪಸ್ಸಿಲ್ಲ. ಎಲ್ಲಿಗೆ ಹೋಗುತ್ತೀರಿ? 61 ಜನರಲ್ಲಿ 33 ಮಂದಿ ಮಿಶಿಗನ್ ಅಂದರು. ಮಜಾ ಕಡಿಮೆಯಾದರೂ ಚಿಂತೆಯಿಲ್ಲ, ನೂರು ಡಾಲರ್ ದಂಡವಾಗಬಾರದು. ಓದಿ ಚೆನ್ನಾಗಿ ನಕ್ಕಿದ್ದೆ.

ಈ ಸಲದ ರಜೆಗೆ ಗಟ್ಟಿ ಮನಸ್ಸು ಮಾಡಿ ಒಂದೇ ಹೋಟೆಲು ಬುಕ್ ಮಾಡಿದೆ, ರೀಫಂಡ್ ಇಲ್ಲದ್ದು. ದೊಡ್ಡ ಕೆಲಸ ಮಾಡಿದವನ ಹಾಗೆ ಹೆಂಡತಿಗೆ ಹೇಳಿದೆ.

"ಅಯ್ಯೋ, ನೀವು ಹೇಗೂ ಕೊನೇವರೆಗೂ ಎಳೀತೀರಿ ಅಂತ ನಾನೇ ಒಂದು ಬುಕ್ ಮಾಡಿಟ್ಟಿದ್ದೆನಲ್ಲ ರೀ. ಅದಕ್ಕೂ ರೀಫಂಡ್ ಇಲ್ಲ" ಅಂದಳು.

ಯಾವ ಜಾಗ ಚೆನ್ನಾಗಿದೆ ಅಂತ ಇಬ್ಬರೂ ಕೇಳಲಿಲ್ಲ.

"ನೀನು ಎಷ್ಟು ಕೊಟ್ಟೆ?" ಅಂದೆ.