ಹನ್ನೆರಡು ಬೇಕು, ಒಂದು ಬಂದಿದೆ

ಅಕ್ಕನ ಮಗಳ ಮದುವೆ ಗಿಫ್ಟ್ ರಿಜಿಸ್ಟ್ರೀಲಿ, ಅಂದ್ರೆ ಉಡುಗೊರೆಯಾಗಿ ಏನೇನು ಬೇಕು ಅಂತ ಅವಳೇ ಬರೆಸಿಟ್ಟಿರೋ ಲಿಸ್ಟಲ್ಲಿ, ಊಟದ ತಟ್ಟೆ ಮುಂದೆ "ಬೇಕಾಗಿರೋದು 12, ಬಂದಿರೋದು 1" ಅಂತ ತೋರಿಸ್ತಾ ಇದೆ, ಅದನ್ನ ನೋಡಿದಾಗಿಂದ ನನಗೆ ಒಂಥರಾ ಕಿರಿಕಿರಿ. ಯಾರಪ್ಪಾ ಈ ಮಹಾನುಭಾವರು, ಒಂದೇ ಒಂದು ತಟ್ಟೆ ಕೊಡಿಸಿದೋರು? ಒಂದು ಜಗ್ ಕೊಡಿಸ್ಬಹುದಿತ್ತು, ಒಂದು ಗಡಿಯಾರ ಕೊಡಿಸ್ಬಹುದಿತ್ತು, ಅವೆಲ್ಲ ಒಂಟಿಯಾಗಿದ್ರೂ ಬಾಳ್ತವೆ. ಒಂದು ತಟ್ಟೆ ಇಟ್ಕೊಂಡು ಗಂಡ ಹೆಂಡತಿ ಏನ್ ಮಾಡ್ಬೇಕು, ಪಾಳಿ ಮೇಲೆ ಊಟ ಮಾಡ್ಬೇಕಾ?

ಅವರನ್ನ ಬೈದೂ ಪ್ರಯೋಜನ ಇಲ್ಲ, ಬಿಡಿಬಿಡಿಯಾಗಿ ಕೊಳ್ಳೋಕೆ ಬಿಟ್ಟಿರೋದೇ ಆ ಲಿಸ್ಟು. 1924ರಲ್ಲಿ ಷಿಕಾಗೋದ ಮಾರ್ಷಲ್ ಫೀಲ್ಡ್ಸ್ ಅನ್ನೋ ದೊಡ್ಡ ಅಂಗಡೀಲಿ ಈ ಪದ್ಧತಿ ಶುರುವಾಯ್ತು ಅಂತಾರೆ. ಮದುಮಗಳು ತನಗೆ ಯಾವ ಪಿಂಗಾಣಿ, ಯಾವ ಬೆಳ್ಳಿ, ಯಾವ ಗಾಜು ಇಷ್ಟ ಅಂತ ಬರೆಸಿಟ್ರೆ ನೆಂಟರು ಅದರಲ್ಲೇ ಆರಿಸ್ಕೊಳ್ಳೋದು, ಒಂದೇ ಸಾಮಾನು ಹತ್ತು ಜನ ತಂದುಕೊಡಬಾರದು ಅಂತ. ಈಗ ಹನ್ನೆರಡು ಬರಬೇಕಾದ್ದು ಒಂದು ಬರ್ತಾ ಇದೆ. ಸುಧಾರಣೆ ಅಂದ್ರೆ ಇದೇ ಇರ್ಬೇಕು.

ನಾವೆಲ್ಲ ಅಂಗಡಿಗೆ ಹೋಗಿ ಆ ತಟ್ಟೆ ಆರಿಸಿದ್ದೂ ಒಂದು ದೊಡ್ಡ ಕಥೆ. ಅಕ್ಕನ ಮಗಳಿಗೆ ಮ್ಯಾಟ್ ಫಿನಿಶ್ ಇರೋ, ಅಂದ್ರೆ ಹೊಳಪಿಲ್ಲದ, ಬೂದು ಬಣ್ಣದ ಸ್ಟೋನ್‌ವೇರೇ ಆಗ್ಬೇಕು, ಅದೇ ಜೇಡಿಮಣ್ಣು ಸುಟ್ಟು ಮಾಡೋ ದಪ್ಪ ತಟ್ಟೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತಂತೆ. ಕಾಣುತ್ತೆ, ಇಲ್ಲ ಅನ್ನಲ್ಲ, ಆದ್ರೆ ಎತ್ತಿ ಹಿಡ್ಕೊಂಡ್ರೆ ಮಣಿಕಟ್ಟು ನೋಯುತ್ತೆ, ಮತ್ತೆ ಚಮಚ ಉಜ್ಜಿದ ಕಡೆಯೆಲ್ಲ ಕರೀ ಗೆರೆ ಬೀಳುತ್ತೆ. ಜನ ಅದನ್ನ ಗೀರು ಅಂದ್ಕೊಂಡು ತಟ್ಟೆ ಬೈತಾರೆ, ಅದು ಗೀರಲ್ಲ, ತಟ್ಟೆ ಮೇಲಿನ ಗಾಜಿನಂಥ ಲೇಪ, ಅದೇ ಗ್ಲೇಜ್, ಚಮಚಕ್ಕಿಂತ ಗಟ್ಟಿ, ಹಾಗಾಗಿ ಚಮಚದ ಲೋಹಾನೇ ಸವೆದು ತಟ್ಟೆಗೆ ಮೆತ್ಕೊಳ್ಳುತ್ತೆ, ಅಡುಗೆ ಸೋಡಾ ಹಾಕಿ ತಿಕ್ಕಿದ್ರೆ ಎಷ್ಟೋ ಹೋಗುತ್ತೆ. ತಟ್ಟೆ ತಿರುಗಿಸಿ ನೋಡೋರೂ ಕಮ್ಮಿ. ತಳದಲ್ಲಿ ಗ್ಲೇಜ್ ಇಲ್ಲದ ಒಂದು ಉಂಗುರ ಇರುತ್ತೆ, ಬೆರಳಾಡಿಸಿದ್ರೆ ಉಪ್ಪುಕಾಗದ ಮುಟ್ಟಿದ ಹಾಗಾಗುತ್ತೆ, ಒಂದರ ಮೇಲೊಂದು ಪೇರಿಸಿದಾಗ ಮೇಲಿನದರ ಕಾಲು ಕೆಳಗಿನದರ ಮುಖಾನ ಕೆರೀತಾ ಇರುತ್ತೆ. ನಾನು ಬೋನ್ ಚೈನಾ ತಗೊಳ್ಳೇ, ಬೆಳಕಿಗೆ ಹಿಡಿದ್ರೆ ಹಿಂದಿನ ಬೆರಳಿನ ನೆರಳು ಕಾಣುತ್ತೆ, ಅಷ್ಟು ತೆಳು, ಆದ್ರೂ ಗಟ್ಟಿ ಅಂದೆ. ಹುಡುಗ ಫೋನಲ್ಲಿ ಏನೋ ಹುಡುಕ್ದ. ಹೆಚ್ಚುಕಮ್ಮಿ ಅರ್ಧದಷ್ಟು ಸುಟ್ಟ ಮೂಳೆಯ ಬೂದಿ ಅಂತ ಓದಿದೋನು ಮಾತಾಡದೆ ತಟ್ಟೆಯನ್ನ ಮೆಲ್ಲಗೆ ಶೆಲ್ಫಿಗೆ ಇಟ್ಟ.

ಇಷ್ಟಾದ್ರೂ ಎಲ್ಲ ಬೇಗ ಮುಗೀತಿತ್ತು, ಭಾವ ಬರದೇ ಇದ್ದಿದ್ರೆ. ನಮ್ಮ ಭಾವ ಎಲ್ಲಿಂದಲೋ ಓದ್ಕೊಂಡಿದಾರೆ, ಒಳ್ಳೇ ಸ್ಟೀಲಿಗೆ ಮ್ಯಾಗ್ನೆಟ್ ಅಂಟಲ್ಲ ಅಂತ. ಫ್ರಿಜ್ ಮೇಲಿದ್ದ ಒಂದು ಚಿಟ್ಟೆ ಮ್ಯಾಗ್ನೆಟ್ಟನ್ನ ಜೇಬಲ್ಲಿ ಹಾಕ್ಕೊಂಡೇ ಅಂಗಡಿಗೆ ಬಂದಿದ್ರು. ವಿಷಯ ಸುಳ್ಳಲ್ಲ, ಚಮಚದ ಮೇಲೆ 18/10 ಅಂತ ಇದ್ರೆ ನೂರಕ್ಕೆ 18 ಪಾಲು ಕ್ರೋಮಿಯಂ, 10 ಪಾಲು ನಿಕ್ಕಲ್, ಆ ನಿಕ್ಕಲ್ ಇರೋದ್ರಿಂದಲೇ ಮ್ಯಾಗ್ನೆಟ್ ಎಳೆಯಲ್ಲ; 18/0 ಅಂದ್ರೆ ನಿಕ್ಕಲ್ ಇಲ್ಲ, ಪಟ್ ಅಂತ ಅಂಟುತ್ತೆ. ಚಮಚಗಳೆಲ್ಲ ಪಾಸಾದ್ವು. ಫೋರ್ಕ್ ಪಾಸು. ಚಾಕುಗೆ ಚಿಟ್ಟೆ ಅಂಟ್ಕೊಂಡ್ಬಿಡ್ತು. "ಏನಮ್ಮಾ ಇದು, ಸೆಟ್ಟಲ್ಲಿ ಡೂಪ್ಲಿಕೇಟ್ ಸೇರಿಸಿದೀರಲ್ಲ" ಅಂತ ಶುರುವಾದ್ರು. ಅಂಗಡಿ ಹುಡುಗಿ ಪಾಪ, "ಸಾರ್, ಚಾಕು ಯಾವಾಗ್ಲೂ ಬೇರೆ ಸ್ಟೀಲೇ, ಹರಿತ ನಿಲ್ಬೇಕಲ್ಲ" ಅಂದ್ಲು. ಅವಳು ಹೇಳಿದ್ದೇ ಸರಿ, ಚಾಕುವಿನ ಅಲಗನ್ನ ಕಾಯಿಸಿ ಗಟ್ಟಿ ಮಾಡ್ಬೇಕು, ಅದಕ್ಕೆ ಸಾಮಾನ್ಯವಾಗಿ ನಿಕ್ಕಲ್ ಇಲ್ಲದ ಸ್ಟೀಲೇ ಹಾಕೋದು. ಭಾವ ಬಿಡಲಿಲ್ಲ, ಮ್ಯಾನೇಜರ್ ಕರೀರಿ ಅಂದ್ರು, ಮ್ಯಾನೇಜರ್ ಬಂದು ಅದನ್ನೇ ಹೇಳಿದ್ರು, ಇಬ್ಬರೂ ಸೇರ್ಕೊಂಡಿದಾರೆ ಅಂತ ಭಾವ ನನ್ನ ಕಿವೀಲಿ ಹೇಳಿದ್ರು. ಆಮೇಲೆ ಅವರ ಕಣ್ಣು ಪಾತ್ರೆಗಳ ಕಡೆ ಹೋಯ್ತು. ಮಗಳು ಅಷ್ಟೊತ್ತು ಅಳೆದೂ ಸುರಿದೂ ಆರಿಸಿದ್ದ ದೊಡ್ಡ ಪ್ಯಾನ್ ತಳಕ್ಕೆ ಚಿಟ್ಟೆ ಗಟ್ಟಿಯಾಗಿ ಕಚ್ಕೊಳ್ತು, ಭಾವನ ಮುಖದಲ್ಲಿ ಗೆದ್ದ ಕಳೆ, "ನೋಡು, ನೋಡು, ಕಳಪೆ ಮಾಲು!" "ಅಪ್ಪಾ, ಅದು ಇಂಡಕ್ಷನ್ ಪ್ಯಾನು, ಅದಕ್ಕೆ ಅಂಟ್ಲೇಬೇಕು, ಅಂಟದೇ ಇದ್ರೆ ಬಿಸಿನೇ ಆಗಲ್ಲ!" ಅಂತ ಅವಳು ಅಳೋಕೇ ಬಂದ್ಲು. ಭಾವ ಒಂದು ಕ್ಷಣ ಸುಮ್ನಿದ್ದು, ಚಿಟ್ಟೆಯನ್ನ ಕಿತ್ತು ಜೇಬಿಗೆ ಹಾಕ್ಕೊಂಡು, "ಅದನ್ನ ಮೊದಲೇ ಹೇಳ್ಬೇಕು ತಾನೆ" ಅಂದ್ರು. ಅಕ್ಕ ಅಷ್ಟೊತ್ತಿಗೆ ಪರದೆ ಬಟ್ಟೆ ಸೆಕ್ಷನ್ನಿಗೆ ಹೋಗಿ ನಮ್ಮ ಪರಿಚಯನೇ ಇಲ್ಲದ ಹಾಗೆ ನಿಂತಿದ್ಲು.

ನನಗೆ ನಿಜವಾಗ್ಲೂ ಸಿಟ್ಟು ಬರೋದು ಆ 12ರ ಮೇಲೆ. ಮನೇಲಿರೋರು ಇಬ್ಬರು, ಟೇಬಲ್ ನಾಲ್ಕು ಜನರದ್ದು, ಹನ್ನೆರಡು ತಟ್ಟೆ ಯಾಕೇ ಅಂದ್ರೆ "ಯಾರಾದ್ರೂ ಬಂದ್ರೆ ಬೇಕಲ್ಲ ಚಿಕ್ಕಮ್ಮ" ಅಂತಾಳೆ. ಈ ಯಾರಾದ್ರೂ ಯಾರು? ಬರೋರೆಲ್ಲ ಸೋಫಾ ಮೇಲೆ ಕೂತು ತೊಡೆ ಮೇಲೆ ತಟ್ಟೆ ಇಟ್ಕೊಂಡು ಟೀವಿ ನೋಡ್ಕೊಂಡು ತಿನ್ನೋರೇ. ಸೂಪ್ ಬೌಲು, ಅದರ ಕೆಳಗೊಂದು ತಟ್ಟೆ, ಕೇಕ್ ಎತ್ತೋಕೆ ಒಂದು ಅಗಲದ ಚಮಚ, ಸಕ್ಕರೆಗೆ ಇಕ್ಕಳ. ಯಾವತ್ತೂ ಬರದೇ ಇರೋ ಒಬ್ಬ ಗಣ್ಯ ಅತಿಥಿಗೋಸ್ಕರ ಬೀರು ತುಂಬ ಸಾಮಾನು. ನಾನೂ ಅಂಥದ್ದೊಂದು ಬೀರು ಇಟ್ಕೊಂಡೇ ಮಾತಾಡ್ತಾ ಇದೀನಿ, ಆ ವಿಷಯ ಈಗ ಬೇಡ.

ಲಿಸ್ಟಲ್ಲಿ ಕೊನೇವರೆಗೂ ಯಾರೂ ಮುಟ್ಟದೇ ಉಳಿಯೋವು ಯಾವುದು ಗೊತ್ತಾ, ಇಸ್ತ್ರಿ ಮಾಡೋ ಬೋರ್ಡು, ಪಾತ್ರೆ ಬೋರಲು ಹಾಕೋ ಸ್ಟ್ಯಾಂಡು, ಕಸದ ಡಬ್ಬ. ದಿನಾ ಬೇಕಾಗೋವು ಇವೇ, ಆದ್ರೆ ಕೊಡಿಸಿದೋರಿಗೆ ಹೆಸರು ಬರಲ್ಲ, ಸಕ್ಕರೆ ಇಕ್ಕಳಕ್ಕೆ ಬಂದಷ್ಟೂ ಬರಲ್ಲ. ಅದಕ್ಕೇ ಹಟಕ್ಕೆ ಬಿದ್ದು ಕಸದ ಡಬ್ಬಾನೇ ಬುಕ್ ಮಾಡ್ದೆ, ಕಾಲಲ್ಲಿ ಒತ್ತಿದ್ರೆ ತೆಗೆಯೋದು, ಮುಚ್ಚಳ ಸದ್ದಿಲ್ಲದೆ ಮುಚ್ಚೋದು. ಪೇಮೆಂಟ್‌ಗೆ ಮುಂಚೆ "ವಧೂವರರಿಗೆ ನಿಮ್ಮ ಶುಭಹಾರೈಕೆ ಬರೆಯಿರಿ" ಅಂತ ಒಂದು ಬಾಕ್ಸ್ ಬಂದಿದೆ, ಖಾಲಿ ಬಿಟ್ರೆ ಮುಂದಕ್ಕೆ ಹೋಗೋಕೆ ಬಿಡ್ತಿಲ್ಲ. ಕಸದ ಡಬ್ಬದ ಜೊತೆಗೆ ಏನಂತ ಹಾರೈಸ್ಬೇಕೋ ನೀವೇ ಹೇಳಿ.