ಖಾಲಿ ಡಬ್ಬಿ ವಾಪಸ್ ಕಳಿಸು

ಶಿರಸಿ ಸೀಮೆಯ ತೋಟದ ಮನೆಗಳಲ್ಲಿ ಬ್ಯಾಂಕ್ ಪಾಸ್‌ಬುಕ್ಕು ಎಲ್ಲಿದೆ ಎಂದು ಕೇಳಿದರೆ ಅರ್ಧ ಗಂಟೆ ಹುಡುಕುತ್ತಾರೆ. ನೀಲಿ ಮುಚ್ಚಳದ ಎರಡು ಕೇಜಿ ಡಬ್ಬಿ ಎಲ್ಲಿದೆ ಎಂದು ಕೇಳಿ ನೋಡಿ. ಬೆಂಗಳೂರಲ್ಲಿ ಸಣ್ಣ ಮಗನ ಮನೆಯಲ್ಲಿದೆ, ಹೋದ ವರ್ಷ ಚೌತಿ ಮುಗಿಸಿ ಹೊರಟಾಗ ಚಕ್ಲಿ ತುಂಬಿ ಕೊಟ್ಟಿದ್ದು, ಮುಚ್ಚಳದ ಅಂಚು ಸ್ವಲ್ಪ ಸೀಳಿದೆ ಎಂಬಷ್ಟು ವಿವರ ಆಯಿಯ, ಅಂದರೆ ಅಮ್ಮನ, ಬಾಯಿಂದ ನಿಂತ ಕಾಲಲ್ಲೇ ಬರುತ್ತದೆ. ಮಗ ಬಡ್ತಿ ಸಿಕ್ಕಿತು ಎಂದು ಫೋನ್ ಮಾಡಲಿ, ಮೊಮ್ಮಗಳಿಗೆ ಹಲ್ಲು ಬಿತ್ತು ಎಂದು ಮಾಡಲಿ, ಮಾತು ಮುಗಿಯುವುದು ಮಾತ್ರ ಇದರಲ್ಲೇ: "ತಮಾ, ಖಾಲಿ ಡಬ್ಬಿ ವಾಪಸ್ ಕಳಸದು ಮರೆಯಡ."

ಹಿಂದೆ ಡಬ್ಬಿ ಮನೆ ಬಿಟ್ಟು ಹೋಗುವ ಪ್ರಮೇಯ ಇರಲಿಲ್ಲ. ತಿನ್ನುವವರು ಮನೆಯಲ್ಲೇ ಇದ್ದರು. ಈಗ ಮೆತ್ತಿನ ಕೋಣೆಗಳಿಗೆ ಬೀಗ, ಕೆಳಗೆ ಇಬ್ಬರೇ ಇಬ್ಬರು, ಆದರೆ ಉಪ್ಪಿನಕಾಯಿಯ ಅಂದಾಜು ಇನ್ನೂ ಹದಿನಾಲ್ಕು ಜನರದ್ದೇ. ಕೈ ಕಲಿತ ಅಳತೆಯನ್ನು ವಯಸ್ಸಾದ ಮೇಲೆ ಇಳಿಸಲು ಆಗುವುದಿಲ್ಲ. ಹಾಗಾಗಿ ಮಕ್ಕಳು ಎಲ್ಲೆಲ್ಲಿ ಚೆದುರಿದ್ದಾರೋ ಭರಣಿಯೂ ಅಲ್ಲಲ್ಲಿಗೆ ಚೆದುರಬೇಕು. ಚೆದುರುವ ದಾರಿಯಲ್ಲಿ ಅದು ಸೋರುತ್ತದೆ.

ಸೋರುವುದರಲ್ಲಿ ಮೊದಲ ಮರ್ಯಾದೆ ಅಪ್ಪೆಮಿಡಿಗೆ. ಉಪ್ಪಿನಕಾಯಿಗೆ ಹಾಕುವ ಈ ಪರಿಮಳದ ಎಳೆ ಮಾವಿನಕಾಯಿಯದು ಮೊದಲಿನಿಂದಲೂ ನಾಜೂಕು. ನೆಲಕ್ಕೆ ಬಿದ್ದ ಮಿಡಿ ಆಗದು, ಪೆಟ್ಟು ತಿಂದದ್ದು ಭರಣಿಯೊಳಗೆ ಮೆತ್ತಗಾಗಿ ಪಕ್ಕದ್ದನ್ನೂ ಕೆಡಿಸುತ್ತದೆ. ಮರ ಹತ್ತಿದವರು ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ತೊಟ್ಟು ಅರ್ಧ ಇಂಚಾದರೂ ಉಳಿಯಬೇಕು, ತೊಟ್ಟು ಕಿತ್ತರೆ ಸೊನೆ ಹರಿದುಹೋಗುತ್ತದೆ, ಸೊನೆ ಹೋದರೆ ಪರಿಮಳ ಹೋಯಿತು, ಬಾಳಿಕೆಯೂ ಹೋಯಿತು. ನಾಲ್ಕು ಪಾಲು ಮಿಡಿಗೆ ಒಂದು ಪಾಲು ಹರಳುಪ್ಪು, ಪದರ ಪದರವಾಗಿ. ದಿನಕ್ಕೊಮ್ಮೆ ಕೈಯಾಡಿಸಬೇಕು. ವಾರ ಹತ್ತು ದಿನದಲ್ಲಿ ಮಿಡಿ ಚಿರುಟಿ ತನ್ನದೇ ನೀರು ಬಿಡುತ್ತದೆ. ಆ ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು, ಅರಿಶಿನ ಬೀಸಿ ಮಿಡಿಗೆ ಕೂಡಿಸಬೇಕು. ಎಣ್ಣೆ ಇಲ್ಲ. ಹೀಗೆ ಮಾಡಿದ್ದು ವರ್ಷಗಟ್ಟಲೆ ಇರುತ್ತದೆ. ತಳಿ ಅನಂತಭಟ್ಟನ ಅಪ್ಪೆಯೋ ಜೀರಿಗೆ ಅಪ್ಪೆಯೋ ಎಂಬುದನ್ನು ಮುಚ್ಚಳ ತೆಗೆಯುವ ಮೊದಲೇ ಹೇಳುವ ಮೂಗುಗಳು ಊರಲ್ಲಿ ಇನ್ನೂ ನಾಲ್ಕಾರು ಉಳಿದಿವೆ.

ಎಣ್ಣೆ ಇಲ್ಲದಿರುವುದೇ ಪ್ರಯಾಣಕ್ಕೆ ತೊಡಕು. ರಸ ತೆಳು, ಮುಚ್ಚಳದ ತಿರುಪಿನ ಸಂದಿನಲ್ಲಿ ಸಲೀಸಾಗಿ ಹತ್ತುತ್ತದೆ. ಅಕ್ಕರೆಯಿಂದ ಬಾಯಿಮಟ್ಟ ತುಂಬಿದ ಬಾಟಲಿ ಹಾವೇರಿ ಮುಟ್ಟುವುದರೊಳಗೆ ಅಳಲು ಶುರು. ಎರಡು ಬೆರಳು ಜಾಗ ಖಾಲಿ ಬಿಡಬೇಕು, ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಎರಡು ಮಡಿಕೆ ಇಟ್ಟು ಮುಚ್ಚಳ ತಿರುಗಿಸಬೇಕು, ಮೇಲೆ ಟೇಪು, ಟೇಪಿನ ಮೇಲೆ ಕವರು. ಹಳೇ ಹಾರ್ಲಿಕ್ಸ್ ಬಾಟಲಿಯ ಮೇಲೆ ಆಯಿಗೆ ಎಷ್ಟೇ ಮೋಹವಿದ್ದರೂ ಅದರ ತಗಡಿನ ಮುಚ್ಚಳ ಬೇಡ. ಉಪ್ಪುನೀರಿಗೆ ತಗಡು ತುಕ್ಕು ಹಿಡಿದು, ಮೂರು ತಿಂಗಳಲ್ಲಿ ಮುಚ್ಚಳ ತಿರುಗಿಸಿದವರ ಕೈಗೆ ಬರೀ ಬಳೆಯಂಥ ಅಂಚು ಬರುತ್ತದೆ.

ಇದರ ನಡುವೆ ಬೆಂಗಳೂರಿನಿಂದ ಆರೋಗ್ಯದ ಸಲಹೆ ಬರುತ್ತದೆ: ಅಪ್ಪಯ್ಯನಿಗೆ ಬಿಪಿ ಇದೆ, ಈ ಸಲ ಉಪ್ಪು ಅರ್ಧ ಹಾಕಿ. ಸೊಸೆಯ ಮಾತು ಮೀರಬಾರದೆಂದು ಅರ್ಧ ಹಾಕಿದ ಮನೆಗಳಲ್ಲಿ ಮಿಡಿಯ ಮೇಲೆ ಬಿಳಿ ಪದರ ಕಟ್ಟಿತು, ಹುಳಿ ಬಂದು ಗಾಳಿ ತುಂಬಿತು, ಪಾರ್ಸೆಲ್ ಬಿಚ್ಚಿದ ಕೂಡಲೇ ಮುಚ್ಚಳ ಠುಸ್ ಎಂದು ಎದ್ದು ಅಪಾರ್ಟ್‌ಮೆಂಟಿನ ಬಿಳಿ ಗೋಡೆಗೆ ಸಾಸಿವೆಯ ರಂಗೋಲಿ ಬಿತ್ತು. ಭರಣಿಯೊಳಗೆ ಉಪ್ಪು ಇರುವುದು ರುಚಿಗಲ್ಲ, ಕಾವಲಿಗೆ. ಬಿಪಿ ಇದ್ದವರು ಉಪ್ಪು ಕಡಿಮೆಯ ಉಪ್ಪಿನಕಾಯಿ ತಿನ್ನುವ ಬದಲು ಉಪ್ಪಿನಕಾಯಿಯನ್ನೇ ಕಡಿಮೆ ತಿನ್ನಬೇಕು. ಈ ಮಾತನ್ನು ಆಯಿ ನೇರವಾಗಿ ಸೊಸೆಗೆ ಹೇಳುವುದಿಲ್ಲ. ಮಗಳಿಗೆ ಹೇಳುತ್ತಾಳೆ, ಮಗಳು ಅಣ್ಣನಿಗೆ ಹೇಳುತ್ತಾಳೆ, ಅಣ್ಣ ಯಾರಿಗೂ ಹೇಳುವುದಿಲ್ಲ.

ಹಲಸಿನ ಹಪ್ಪಳದ ಕತೆ ಬೇರೆ. ಅದು ಸೋರುವುದಿಲ್ಲ, ಅದಕ್ಕೆ ಬೇಕಾದ್ದು ಕೈ. ಬಲಿತ, ಹಣ್ಣಾಗದ ಹಲಸನ್ನು ಸೀಳುವವರೊಬ್ಬರು, ಮೇಣ ತೆಗೆದು ಸೊಳೆ ಬಿಡಿಸುವವರಿಬ್ಬರು, ಬೇಯಿಸುವವರು, ಬಿಸಿ ಇರುವಾಗಲೇ ಉಪ್ಪು ಖಾರ ಹಾಕಿ ಕುಟ್ಟುವವರು, ಉಂಡೆ ಕಟ್ಟುವವರು, ಒತ್ತುವವರು, ಅಂಗಳದ ಚಾಪೆಗೆ ಒಯ್ದು ಹರಡುವವರು. ಕೊನೆಗೆ, ಕಾಗೆ ಕಾಯುವ ನೆಪದಲ್ಲಿ ಕೂತು ಹಸಿ ಹಿಟ್ಟನ್ನೇ ಮುಗಿಸುವ ಮಕ್ಕಳು. ಹಿಟ್ಟು ತಣಿದರೆ ಗಂಟಾಗುತ್ತದೆ, ಆದ್ದರಿಂದ ಯಾರೂ ಕೆಲಸದ ನಡುವೆ ಎದ್ದು ಹೋಗುವ ಹಾಗಿಲ್ಲ. ಅತ್ತೆ ಸೊಸೆ ಮಾತು ಬಿಟ್ಟಿದ್ದರೂ ಉಂಡೆ ಕೊಡು ಎನ್ನಲೇಬೇಕಿತ್ತು. ಈಗ ಇಬ್ಬರೇ ಮಾಡುವುದೆಂದರೆ ಹೀಗೆ: ಒಂದು ದಿನಕ್ಕೆ ಒಂದೇ ಕಾಯಿ, ಅದೂ ಅರ್ಧ. ಮಿಕ್ಕರ್ಧ ಕೊಟ್ಟಿಗೆಗೆ. ಒತ್ತಲು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆಯಿಟ್ಟು ಮೇಲೊಂದು ಮಣೆ, ಮಣೆಯ ಮೇಲೆ ಅಪ್ಪಯ್ಯ. ಕಾಗೆ ಕಾಯುವ ಹುದ್ದೆಯೊಂದು ಇನ್ನೂ ಖಾಲಿ ಇದೆ. ಕಪ್ಪು ಪ್ಲಾಸ್ಟಿಕ್ ಚೀಲ ಕೋಲಿಗೆ ಕಟ್ಟಿದರೆ ಮೊದಲ ದಿನ ಕಾಗೆ ಬರುವುದಿಲ್ಲ, ಎರಡನೇ ದಿನ ಆ ಕೋಲಿನ ಮೇಲೇ ಬಂದು ಕೂರುತ್ತದೆ.

ಒಣಗಿದ್ದು ಸಾಕೇ ಎಂಬುದಕ್ಕೆ ಪರೀಕ್ಷೆ ಸುಲಭ. ಎರಡು ಹಪ್ಪಳ ಒಂದಕ್ಕೊಂದು ತಟ್ಟಿದರೆ ಟಣ್ ಎನ್ನಬೇಕು. ಮಕ್ಕಳ ಬಸ್ಸಿಗೆ ಹೊತ್ತಾಯಿತೆಂದು ಟಪ್ ಎನ್ನುವ ಹಪ್ಪಳವನ್ನೇ ಕಟ್ಟಿ ಕೊಟ್ಟರೆ ಹದಿನೈದು ದಿನದ ಮೇಲೆ ವಾಟ್ಸ್ಯಾಪಿನಲ್ಲಿ ಫೋಟೋ ಬರುತ್ತದೆ: "ಆಯಿ, ಇದರ ಮೇಲಿನ ಹಸಿರು ಕೊತ್ತಂಬರಿಯಾ?"

ಚಕ್ಲಿಗೂ ಇದೇ ಗತಿ. ಶಿರಸಿ ಕಡೆ ಚೌತಿ ಮುಂಚೆ ಚಕ್ಲಿ ಕಂಬಳ ಎಂಬುದುಂಟು, ಅಕ್ಕಪಕ್ಕದ ಮನೆಯವರು ಕೂಡಿ ಹಿಟ್ಟನ್ನು ಕೈಯಲ್ಲೇ ಹೊಸೆದು ಸುತ್ತುವುದು. ಇವತ್ತು ನಮ್ಮನೆ, ನಾಳೆ ನಿಮ್ಮನೆ. ಕೈಚಕ್ಲಿ ಗಟ್ಟಿ, ಬಸ್ಸಿನ ಕುಲುಕು ತಾಳುತ್ತದೆ. ಚಕ್ಲಿ ಒರಳಿನಲ್ಲಿ ಒತ್ತಿದ್ದು ಬೆಂಗಳೂರು ಮುಟ್ಟುವಾಗ ಅವಲಕ್ಕಿಗೆ ಕಲಸಲಷ್ಟೇ ಆದೀತು.

ಇನ್ನು ಬಸ್ಸು. ಶಿರಸಿಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರಿನ ಆಸುಪಾಸು, ರಾತ್ರಿ ಊಟ ಮಾಡಿ ಹತ್ತಿದರೆ ಬೆಳಕು ಹರಿಯುವಾಗ ಇಳಿಯುವ ಲೆಕ್ಕ. ಮನುಷ್ಯರಿಗೆ ಹೀಗೆ. ಡಬ್ಬಕ್ಕೆ ಮಾತ್ರ, ಶಿರಸಿಯಲ್ಲಿ ರಾತ್ರಿ ಬಸ್ಸಿನ ಡ್ರೈವರಿನ ಕೈಗೆ ಒಪ್ಪಿಸಲು, ಹಳ್ಳಿಯಿಂದ ಮಧ್ಯಾಹ್ನದ ಬಸ್ಸೇ ಆಗಬೇಕು, ಸಂಜೆಯದು ಬಂದರೆ ಬಂತು. ರಟ್ಟಿನ ಡಬ್ಬಗಳೆಲ್ಲ ಅದೇ ಅಂಗಡಿಯ ಅದೇ ಬಿಸ್ಕತ್ತಿನವು, ಹಾಗಾಗಿ ಹೊರಗಿನಿಂದ ಎಲ್ಲವೂ ಅವಳಿಜವಳಿ. ಹೆಸರನ್ನು ಮಾರ್ಕರಿನಲ್ಲಿ ಬರೆದರೆ ಒಳಗಿನ ಮಿಡಿರಸ ಹೊರಬಂದು ಮೊದಲು ಅಳಿಸುವುದು ಅದನ್ನೇ. ಬಟ್ಟೆಯ ಚೂರಿನ ಮೇಲೆ ಬರೆದು ಎರಡು ಬದಿಗೆ ಹೊಲಿದು, ಮೇಲೊಂದು ಕೆಂಪು ದಾರ ಕಟ್ಟಿದರೆ ಗುರುತು ಸಿಗುತ್ತದೆ. ಬಾಟಲಿ ಡಬ್ಬದ ನಡುವೆ ನೆಟ್ಟಗೆ ನಿಲ್ಲಬೇಕು, ಸುತ್ತ ಅಡಿಕೆ ಹಾಳೆಯ ತುಂಡು, ಹಳೇ ಪಂಚೆ. ಜೋನಿಬೆಲ್ಲವನ್ನು, ಅಂದರೆ ಪಾಕದಂಥ ಬೆಲ್ಲವನ್ನು, ಹಪ್ಪಳದ ಪಕ್ಕ ಇಡಲೇಬಾರದು. ಬೇಸಿಗೆಯಲ್ಲಿ ಅದು ನೀರಿನ ಹಾಗೆ ತೆಳ್ಳಗಾಗಿ ಸಂದು ಹುಡುಕಿಕೊಂಡು ಹೋಗುತ್ತದೆ, ಹಿಂದೆ ಇರುವೆ ಬರುತ್ತದೆ.

ಡಬ್ಬ ಹೊರಟ ಮೇಲೆ ಮನೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ, ಮಗನೊಬ್ಬನನ್ನು ಬಿಟ್ಟು. ಅಪ್ಪಯ್ಯ ಬಸ್ಸಿನ ನಂಬರ್ ಪ್ಲೇಟಿನ ಫೋಟೋ ಕಳಿಸಿರುತ್ತಾನೆ, ಅದರಲ್ಲಿ ಅವನ ಹೆಬ್ಬೆರಳು ಚೆನ್ನಾಗಿ ಬಂದಿರುತ್ತದೆ. ನೆಲಮಂಗಲ ದಾಟಿದ ಕೂಡಲೇ ಡ್ರೈವರು ಫೋನ್ ಮಾಡುತ್ತಾನೆ, ಮಗ ಎತ್ತುವುದಿಲ್ಲ, ಡ್ರೈವರು ಶಿರಸಿಯ ನಂಬರಿಗೆ ಮಾಡುತ್ತಾನೆ, ಆಯಿ ಲ್ಯಾಂಡ್‌ಲೈನಿನಿಂದ ಸೊಸೆಗೆ ಮಾಡುತ್ತಾಳೆ, ಸೊಸೆ ಪಕ್ಕದಲ್ಲೇ ಮಲಗಿದ ಗಂಡನನ್ನು ಮೊಣಕೈಯಿಂದ ತಿವಿಯುತ್ತಾಳೆ. ಗೊರಗುಂಟೆಪಾಳ್ಯದಲ್ಲಿ ಕೊಡಬೇಕಾದ್ದು ಅಷ್ಟರೊಳಗೆ ಮೆಜೆಸ್ಟಿಕ್ ಮುಟ್ಟಿರುತ್ತದೆ. ಅಲ್ಲಿ ಎಂಟು ಬಿಸ್ಕತ್ತಿನ ಡಬ್ಬಗಳ ನಡುವೆ ನಿದ್ದೆಗಣ್ಣಿನಲ್ಲಿ ಆರಿಸಿದ್ದು ಕೆಲವೊಮ್ಮೆ ಕುಮಟಾದಿಂದ ಹತ್ತಿದ ಡಬ್ಬವಾಗಿ, ಮನೆಗೆ ಬಂದು ಬಿಚ್ಚಿದರೆ ಒಣಸಿಗಡಿಯ ವಾಸನೆ ಎದ್ದು ಬರುವುದೂ ಉಂಟು. ಹಾಗಾದಾಗ ಗಾಬರಿ ಬೇಡ, ಡಬ್ಬದ ಮೇಲೊಂದು ಫೋನ್ ನಂಬರ್ ಇದ್ದೇ ಇರುತ್ತದೆ. ಆ ಕಡೆಯವರು ನಿಮ್ಮ ಮಿಡಿಯ ಬಾಟಲಿಯನ್ನು ಬಿಚ್ಚಿ ಊಟಕ್ಕೆ ಕೂರುವ ಮೊದಲು ಕರೆ ಮಾಡಿದರೆ ಸೈ.

ಈ ಸಾಗಾಟ ಒಮ್ಮುಖವಲ್ಲ. ಆ ಕಡೆಯಿಂದ ಮಕ್ಕಳೂ ಕಳಿಸುತ್ತಾರೆ, ಆನ್‌ಲೈನ್ ಆರ್ಡರ್ ಮಾಡಿ. ಡೆಲಿವರಿ ಹುಡುಗ ಊರಿನ ಅಂಗಡಿಯಲ್ಲಿ ನಿಂತು ಒಟಿಪಿ ಕೇಳುತ್ತಾನೆ. ಒಟಿಪಿ ಬರುವ ಫೋನಿಗೆ ಸಿಗ್ನಲ್ ಸಿಗುವುದು ಮನೆಯಿಂದ ಎತ್ತರದ ಬೆಟ್ಟದ ಗೇರುಮರದ ಬುಡದಲ್ಲಿ. ಹತ್ತಲು ಎಂಟು ನಿಮಿಷ, ಕನ್ನಡಕ ಮರೆತು ಇಳಿಯಲು ಆರು, ಮತ್ತೆ ಹತ್ತಲು ಹತ್ತು. ಅಷ್ಟು ಹೊತ್ತು ಒಟಿಪಿ ಬದುಕಿರುವುದಿಲ್ಲ. ಇದಕ್ಕೆ ಊರವರು ಕಂಡುಕೊಂಡ ದಾರಿ ಎಂದರೆ ಆರ್ಡರಿಗೆ ಅಂಗಡಿಯವನ ನಂಬರನ್ನೇ ಕೊಡುವುದು. ಅದರಿಂದ ಒಂದೇ ತೊಂದರೆ, ಯಾರ ಮಗ ಯಾವ ಹಬ್ಬಕ್ಕೆ ಎಷ್ಟು ರೂಪಾಯಿಯದು ಕಳಿಸಿದ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಏನೂ ಕಳಿಸದವನದೂ ಗೊತ್ತಾಗುತ್ತದೆ.

ಬಂದ ವಸ್ತುಗಳದು ಮತ್ತೊಂದು ಫಜೀತಿ. ನೆಲ ಗುಡಿಸುವ ರೋಬೋಟು ಬಂದರೆ ಅದು ಹತ್ತುವ ಎತ್ತರ ಹೆಚ್ಚೆಂದರೆ ಎರಡು ಸೆಂಟಿಮೀಟರು, ಹಳೇ ಮನೆಯ ಹೊಸ್ತಿಲು ಒಂದು ಗೇಣು. ಜಗುಲಿಯಲ್ಲಿ ಬಿಟ್ಟರೆ ಜಗುಲಿಯಲ್ಲೇ ಸುತ್ತುತ್ತದೆ, ಒಣಹಾಕಿದ ಚಾಲಿ ಅಡಿಕೆ ಒಂದು ಸಿಕ್ಕರೆ ಅಲ್ಲೇ ನಿಂತು ಅಳುತ್ತದೆ. ಇಂಡಕ್ಷನ್ ಒಲೆ ಬಂದರೆ ಮನೆಯ ಹಿತ್ತಾಳೆ, ತಾಮ್ರ, ಕಲ್ಲುಮರಿಗೆ ಯಾವುದೂ ಅದಕ್ಕೆ ಆಗದು. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಅದು ಕಾಯುತ್ತದೆ, ತಳ ಚಪ್ಪಟೆಯೂ ಇರಬೇಕು. ಅಯಸ್ಕಾಂತ ಹಿಡಿದು ಇಡೀ ಅಡುಗೆಮನೆ ಸುತ್ತಿದಾಗ ಅಂಟಿದ್ದು ತರಕಾರಿ ಹೆಚ್ಚುವ ಮೆಟ್ಟುಗತ್ತಿಗೆ. ಮಳೆಗಾಲದಲ್ಲಿ ಗುಡುಗು ಕೇಳಿದ ಕೂಡಲೇ ಇಂಟರ್ನೆಟ್ ಡಬ್ಬದ ವಯರುಗಳನ್ನೆಲ್ಲ ಕಿತ್ತಿಡಬೇಕು, ಕರೆಂಟಿನದೊಂದನ್ನೇ ಕಿತ್ತರೆ ಸಾಲದು, ಸಿಡಿಲು ಫೋನಿನ ತಂತಿಯಲ್ಲೂ ಬರುತ್ತದೆ. ಇದೊಂದನ್ನು ಅಪ್ಪಯ್ಯಂದಿರು ಮಕ್ಕಳಿಗಿಂತ ಚೆನ್ನಾಗಿ ಬಲ್ಲರು.

ಕೊನೆಗೆ ಡಬ್ಬಿ ವಾಪಸಾಗುವ ದಿನ ಬರುತ್ತದೆ. ಚೌತಿಗೋ, ಎರಡು ವರ್ಷಕ್ಕೊಮ್ಮೆಯ ಮಾರಿಕಾಂಬಾ ಜಾತ್ರೆಗೋ ಮಕ್ಕಳು ಕಾರು ಮಾಡಿಕೊಂಡು ಬರುವಾಗ ಡಿಕ್ಕಿಯಲ್ಲಿ ಒಂದು ಚೀಲ. ಮೊಮ್ಮಕ್ಕಳನ್ನು ಮುದ್ದಿಸಿ ಕುಡಿಯಲು ಆಸ್ರಿಗೆ ಕೊಟ್ಟು ಆದ ಮೇಲೆ ಆಯಿ ಚೀಲ ಬಿಚ್ಚುತ್ತಾಳೆ. ಏಳು ಹೋಗಿದ್ದವು, ಒಂಬತ್ತು ಬಂದಿವೆ. ಮುಚ್ಚಳ ಆರು. ನೀಲಿ ಮುಚ್ಚಳ ಬಂದಿದೆ, ನೀಲಿ ಡಬ್ಬಿ ಬಂದಿಲ್ಲ. ಮುಚ್ಚಳಕ್ಕೂ ಡಬ್ಬಿಗೂ ಜಾತಕ ಕೂಡಿಸುವ ಕೆಲಸ ಊಟದ ಹೊತ್ತಿನವರೆಗೆ ನಡೆಯುತ್ತದೆ. ಖಾಲಿ ಪಾತ್ರೆ ಕೊಡಬಾರದು ಎಂಬುದು ಸೊಸೆಗೂ ಗೊತ್ತು, ಹಾಗಾಗಿ ಒಂದರಲ್ಲಿ ಓಟ್ಸ್ ತುಂಬಿ ತಂದಿದ್ದಾಳೆ. ಅದನ್ನು ಯಾರು ತಿಂದರು ಎಂದು ಕೇಳಬೇಡಿ, ಆ ವಾರ ಹಾಲು ಸ್ವಲ್ಪ ಹೆಚ್ಚು ಬಂತು.

ಉಳಿದ ಮೂರು ಡಬ್ಬಿ ಈ ಮನೆಯವಲ್ಲ. ಒಂದರ ಒಳಗೆ ಬೆಳ್ಳುಳ್ಳಿ ಉಪ್ಪಿನಕಾಯಿಯ ವಾಸನೆ. ಕೇಳಿದರೆ, ಪಕ್ಕದ ಫ್ಲ್ಯಾಟಿನವರದು, ಅವರ ಊರು ಪಾಟ್ನಾ, ನಮ್ಮ ಮಿಡಿ ಅವರಿಗೆ ಕೊಟ್ಟಿದ್ದಕ್ಕೆ ಅವರ ಅಮ್ಮ ಕಳಿಸಿದ್ದು, ಡಬ್ಬಿ ಅದಲುಬದಲಾಗಿದೆ. ಆಯಿ ಏನೂ ಅನ್ನುವುದಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಕವುಚದೆ ಬಾಯಿ ಮೇಲೆ ಮಾಡಿ ಎರಡು ದಿನ ಬಿಸಿಲಿಗೆ ಇಡುತ್ತಾಳೆ. ಪ್ಲಾಸ್ಟಿಕ್ಕಿಗೆ ಹತ್ತಿದ ಬೆಳ್ಳುಳ್ಳಿ ಪೂರ್ತಿ ಹೋಗುವುದಿಲ್ಲ, ಮುಕ್ಕಾಲು ಹೋಗುತ್ತದೆ. ಮೂರನೇ ದಿನ ಮಕ್ಕಳು ಹೊರಡುವ ಹೊತ್ತಿಗೆ ಅದರಲ್ಲಿ ಎರಡು ಬೆರಳು ಜಾಗ ಬಿಟ್ಟು ಮಿಡಿ ತುಂಬಿ, ಪ್ಲಾಸ್ಟಿಕ್ ಹಾಳೆ ಎರಡು ಮಡಿಕೆ ಇಟ್ಟು, ಟೇಪು ಸುತ್ತಿ ಮಗನ ಕೈಗೆ ಕೊಡುತ್ತಾಳೆ.

"ಇದು ಪಾಟ್ನಾದವಕ್ಕೆ. ನಮ್ಮ ನೀಲಿ ಡಬ್ಬಿ ಅವರ ಮನೇಲಿದ್ದು ಕಾಣ್ತು, ವಾಪಸ್ ಕೊಡಲೆ ಹೇಳು."